ಪಾಸ್‌ಪೋರ್ಟ್ ಯಾರ ಸೊತ್ತು?

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಉಡುಪಿಯವರಿಗೆ ದೇಶದ ಗಡಿ ಅಂದರೆ ಏನು ಅಂತ ನಾನು ವಿವರಿಸಬೇಕಾಗಿಲ್ಲ. ದುಬೈಯಲ್ಲೋ ಮಸ್ಕತ್ತಿನಲ್ಲೋ ನಿಮ್ಮವರು ಯಾರಾದರೂ ಇದ್ದೇ ಇರುತ್ತಾರೆ, ಅಲ್ವಾ?

ನನ್ನ ಸೋದರಮಾವ ಗಲ್ಫಿಗೆ ಅಡುಗೆ ಕೆಲಸಕ್ಕೆ ಹೋದವರು. ಇಳಿದ ದಿನವೇ ಮಾಲೀಕ ಅವರ ಪಾಸ್‌ಪೋರ್ಟ್ ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದ. ನಾಲ್ಕನೇ ವರ್ಷ ಅಜ್ಜಿ ತೀರಿಕೊಂಡರು. ಮಾವನ ಹತ್ತಿರ ಟಿಕೆಟಿಗೆ ದುಡ್ಡಿತ್ತು, ಪಾಸ್‌ಪೋರ್ಟ್ ಇರಲಿಲ್ಲ. ಬೊಜ್ಜಕ್ಕೂ, ಅಂದರೆ ಉತ್ತರಕ್ರಿಯೆಗೂ, ಬರಲಿಕ್ಕಾಗಲಿಲ್ಲ. ಒಬ್ಬನೇ ಮಗ. ಅಮ್ಮ ಇವತ್ತಿಗೂ ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾರೆ.

ಆ ಪಾಸ್‌ಪೋರ್ಟ್ ಇಲ್ಲಿ ತಂದಿದ್ದೇನೆ, ನೋಡಿ. ನೀಲಿ ರಟ್ಟು ಮಾಸಿದೆ, ಸಿಂಹದ ಚಿನ್ನದ ಬಣ್ಣ ಅರ್ಧ ಹೋಗಿದೆ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮು ಏನು ಹೇಳುತ್ತದೆ ಗೊತ್ತಾ? ಪಾಸ್‌ಪೋರ್ಟ್ ಯಾವತ್ತೂ ಕೇಂದ್ರ ಸರಕಾರದ ಸೊತ್ತು. ಮಾವನದ್ದೂ ಅಲ್ಲ, ಮಾಲೀಕನದ್ದಂತೂ ಅಲ್ಲವೇ ಅಲ್ಲ. ಹಾಗಾದರೆ ನಾಲ್ಕು ವರ್ಷ ಬೇರೆಯವನ ಕಪಾಟಿನಲ್ಲಿ ಬಿದ್ದಿದ್ದ ತನ್ನ ಸೊತ್ತನ್ನು ಸರಕಾರ ಯಾಕೆ ಕೇಳಲಿಲ್ಲ?

ಆ ಕಾಯ್ದೆಯೂ ಸುಮ್ನೆ ಬಂದದ್ದಲ್ಲ. ಅದಕ್ಕೆ ಮೊದಲು ಪಾಸ್‌ಪೋರ್ಟ್ ಕೊಡುವುದು ಬಿಡುವುದು ಅಧಿಕಾರಿಗಳ ಮರ್ಜಿ. ಒಬ್ಬ ಮನುಷ್ಯ ಕೋರ್ಟಿಗೆ ಹೋದ. ವಿದೇಶಕ್ಕೆ ಹೋಗುವುದೂ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆಯೇ ಕಾಯ್ದೆ ಬಂದದ್ದು.

ಇನ್ನು ಗಡಿ. ಈಗ ಕೇರಳದಲ್ಲಿರುವ ಕಾಸರಗೋಡು 1956ರ ನವೆಂಬರ್ 1ರವರೆಗೆ ನಮ್ಮದೇ ಜಿಲ್ಲೆಯ ಭಾಗ. 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ಅದೇ ಕಾಸರಗೋಡಿನ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಗಡಿಯ ತಲಪಾಡಿಯ ಆಚೆ ಉಳಿದುಬಿಟ್ಟರು. ಒಂದೇ ದೇಶದೊಳಗೇ ಹೀಗಾದರೆ ಸಮುದ್ರದ ಆಚೆ ಇರುವವರ ಪಾಡೇನು, ಯೋಚಿಸಿ.

ಈಗ ಕೈಯಲ್ಲಿ ಫೋನಿದೆ, ಒಬ್ಬೊಬ್ಬರ ಬಲ ಜಾಸ್ತಿಯಾಗಿದೆ, ಗಡಿಗಳೆಲ್ಲ ಕರಗುತ್ತವೆ, ಸರಕಾರವೇ ಇನ್ನು ಬೇಡ ಅಂತ ಹೇಳುವವರಿದ್ದಾರೆ. ದುಡ್ಡು ಕ್ಷಣದಲ್ಲಿ ದಾಟುತ್ತದೆ, ನಿಜ. ತೊಟ್ಟಿಲು ಶಾಸ್ತ್ರವನ್ನು ವಿಡಿಯೊದಲ್ಲಿ ನೋಡಬಹುದು, ಅದೂ ನಿಜ. ಆದರೆ ಮನುಷ್ಯ ದಾಟಬೇಕಾದರೆ ಇವತ್ತಿಗೂ ಈ ಪುಸ್ತಕವೇ ಬೇಕು. ಫೋನು ಮಾವನಿಗೆ ಸಾವಿನ ಸುದ್ದಿಯನ್ನು ಬೇಗ ಮುಟ್ಟಿಸುತ್ತಿತ್ತು, ಅಷ್ಟೇ. ಹಾಗಾಗಿ ಸರಕಾರ ಇನ್ನು ಬೇಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸರಕಾರ ಬಾಗಿಲು ಕಾಯುವುದನ್ನು ಕಡಿಮೆ ಮಾಡಿ ಮನುಷ್ಯನ ಹತ್ತಿರ ಹೋಗಬೇಕು.

ಹೇಗೆ? ನಮ್ಮ ಪಿಗ್ಮಿಯವರ ಹಾಗೆ! ಪಿಗ್ಮಿ ಅಂದರೆ ದಿನದಿನದ ಸಣ್ಣ ಉಳಿತಾಯ, 1928ರಲ್ಲಿ ಇದೇ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ್ದು. ಬ್ಯಾಂಕಿನ ಮೆಟ್ಟಿಲು ಹತ್ತದ ಜನರ ಮನೆಬಾಗಿಲಿಗೇ ಹೋಗಿ, ದಿನಕ್ಕೆ ಎರಡಾಣೆ ಆದರೂ ತೆಗೆದುಕೊಂಡು ಚೀಟಿ ಕೊಟ್ಟು ಬರುತ್ತಿದ್ದರು. ರಾಯಭಾರ ಕಚೇರಿಯವರೂ ಹಾಗೆ ಕಾರ್ಮಿಕರ ಕ್ಯಾಂಪಿಗೆ ಹೋಗಿ, 'ನಿಮ್ಮ ಪಾಸ್‌ಪೋರ್ಟ್ ಎಲ್ಲಿದೆ, ತೋರಿಸಿ' ಅಂತ ಕೇಳಲಿ. ಸೊತ್ತು ಸರಕಾರದ್ದೇ ತಾನೇ?

ಓ, ಸಮಯ ಆಯಿತು ಅಂತ ಚೀಟಿ ಬಂತು. ಮತದಾನದ್ದು ಒಂದೇ ಮಾತು: ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಇಲ್ಲಿನ ಪಟ್ಟಿಗೆ ಹೆಸರು ಸೇರಿಸಬಹುದು, ಆದರೆ ಓಟು ಹಾಕಲು ಇಲ್ಲಿನ ಬೂತಿಗೇ ಬರಬೇಕು. ಅಡುಗೆ ಕೆಲಸದವರಿಗೆ ಅದು ಆಗುವ ಮಾತಾ? ಕತಾರ್ 2018ರಲ್ಲಿ ಹೆಚ್ಚಿನ ಕಾರ್ಮಿಕರಿಗೆ ಎಕ್ಸಿಟ್ ಪರ್ಮಿಟ್, ಅಂದರೆ ದೇಶ ಬಿಡಲು ಮಾಲೀಕನ ಒಪ್ಪಿಗೆ, ತೆಗೆದುಹಾಕಿದ ವಿಷಯವೂ ಇತ್ತು, ಚಹಾದ ಹೊತ್ತಿಗೆ ಕೇಳಿ, ಹೇಳುತ್ತೇನೆ.

ಈ ಪಾಸ್‌ಪೋರ್ಟನ್ನು ಮುಂದಿನ ಸಾಲಿಗೆ ಕೊಡುತ್ತೇನೆ, ಎಲ್ಲರೂ ನೋಡಿ. ಹೊಲಿಗೆ ಬಿಟ್ಟಿದೆ, ಸ್ವಲ್ಪ ಜೋಪಾನ.