ತೊಟ್ಟಿಯ ನೀರು ಚೆಲ್ಲಬೇಡಿ

ವೇದಿಕೆಯ ಮೇಲಿರುವ ಹಿರಿಯರಿಗೂ, ಈ ಮಳೆಯಲ್ಲಿ ಕೊಡೆ ಹಿಡಿದು ಬಂದಿರುವ ನಿಮಗೆಲ್ಲರಿಗೂ ನಮಸ್ಕಾರ. ಈಗಷ್ಟೇ ಡಾಕ್ಟರ್ ಮೇಡಂ ಡೆಂಗಿ ಬಗ್ಗೆ ಮಾತಾಡಿದರು. ಮನೆ ಸುತ್ತ ಎಲ್ಲೂ ನೀರು ನಿಲ್ಲಬಾರದು, ಹೂಕುಂಡದ ತಟ್ಟೆಯಲ್ಲೂ ನಿಲ್ಲಬಾರದು ಅಂದರು. ಅವರ ಒಂದೊಂದು ಮಾತೂ ಸರಿ. ಅವರು ಕೂತ ಕೂಡಲೇ ನಾನೆದ್ದು, ನೈದಿಲೆ ಬೆಳೆಸೋಕೆ ಮನೆಯಲ್ಲೊಂದು ತೊಟ್ಟಿ ಇಟ್ಟು ನೂರು ಲೀಟರ್ ನೀರು ತುಂಬಿಡಿ ಅನ್ನಬೇಕಾಗಿದೆ! ಅದಕ್ಕೇ ಬರೆದು ತಂದದ್ದನ್ನು ಪಕ್ಕಕ್ಕಿಟ್ಟು ಸೊಳ್ಳೆಯಿಂದಲೇ ಶುರುಮಾಡುತ್ತೇನೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯೊಡೆದು ರೆಕ್ಕೆ ಬಲಿತು ಹಾರುವುದಕ್ಕೆ ಹೆಚ್ಚುಕಮ್ಮಿ 8-10 ದಿನ ಬೇಕು. ಅಷ್ಟು ದಿನ ಅದರ ಮರಿಯನ್ನು ತಿನ್ನುವವರು ಯಾರೂ ಇರಬಾರದು. ಹಳೇ ಟೈರಿನಲ್ಲಿ, ತೆಂಗಿನ ಚಿಪ್ಪಿನಲ್ಲಿ ಯಾರಿರುತ್ತಾರೆ? ನೈದಿಲೆ ತೊಟ್ಟಿಯಲ್ಲಿ ಗಪ್ಪಿ ಅನ್ನುವ ಪುಟ್ಟ ಮೀನಿರುತ್ತದೆ. ನಾನು ಒಂದು ಲೋಟ ಸೊಳ್ಳೆಯ ಮರಿಹುಳ ತಂದು ಸುರಿದು ನೋಡಿದ್ದೇನೆ. ಗಪ್ಪಿಯ ಬಾಯಿ ಮೇಲಕ್ಕೆ ತಿರುಗಿರುತ್ತದೆ, ಗಮನಿಸಿ. ಉಸಿರಿಗಾಗಿ ಹುಳ ನೀರಿನ ಮೇಲ್ಪದರಕ್ಕೆ ಬಂದು ತಲೆಕೆಳಗಾಗಿ ನೇತಾಡುತ್ತದಲ್ಲ, ಆಗ ಕೆಳಗಿಂದ ಬಂದು ಟಪಕ್ಕನೆ ಎಳೆದುಕೊಳ್ಳುತ್ತದೆ. ಸಂಜೆಗೆ ಒಂದೂ ಉಳಿದಿರಲಿಲ್ಲ. ಮೀನಿಲ್ಲದ ತೊಟ್ಟಿ ಇಡುವುದಾದರೆ ಇಡಲೇಬೇಡಿ, ನಾನೂ ಡಾಕ್ಟರ ಪಕ್ಷವೇ.

ಇನ್ನು ನಮ್ಮ ಕಲ್ಲುಬಾನಿ ಕಥೆ. ನಮ್ಮೂರು ತಿಪಟೂರು ಕಡೆ. ಕೊಟ್ಟಿಗೆ ಮುಂದೆ ದನಗಳಿಗೆ ಕಲಗಚ್ಚು ಹುಯ್ಯುವ ಬಾನಿ ಇತ್ತು. ಮನೆ ಪಾಲಾದಾಗ ಅದು ಯಾರಿಗೂ ಬೇಡವಾಯಿತು. ನಾನು ಟೆಂಪೋದಲ್ಲಿ ಹಾಕಿಕೊಂಡು ಬೆಂಗಳೂರಿಗೆ ತಂದೆ. ಇಳಿಸೋಕೆ ಆರು ಜನ ಬೇಕಾಯಿತು. ಅಂಗಳದಲ್ಲಿಟ್ಟು, ಬೋಗುಣಿಯೊಂದಕ್ಕೆ ಕೋಕೋಪೀಟ್ ಅನ್ನುವ ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ತುಂಬಿ ನೈದಿಲೆ ಗೆಡ್ಡೆ ನೆಟ್ಟು ಬಾನಿಗಿಳಿಸಿದೆ. ಮಾರನೇ ದಿನ ಕೋಕೋಪೀಟ್ ಎಲ್ಲ ಮೇಲೆ ತೇಲುತ್ತಿತ್ತು. ಐದನೇ ದಿನ ನೀರು ಹಸಿರು. ಚೆಲ್ಲಿ, ಬ್ರಷ್ ಹಾಕಿ ಉಜ್ಜಿ, ಹೊಸ ನೀರು ಬಿಟ್ಟೆ. ವಾರದೊಳಗೆ ಮತ್ತೆ ಹಸಿರು. ಹೀಗೆ ಮೂರು ಸಲ. ಎಲೆ ಮಾತ್ರ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಲಿಲ್ಲ. ಆಗ ಊರಿಂದ ಬಂದಿದ್ದ ನಮ್ಮ ಸೋದರತ್ತೆ ಜಗಲಿ ಮೇಲೆ ಕೂತು ನೋಡುತ್ತಿದ್ದರು. "ಏನೋ ಇದು, ಕೆರೆ ನೀರ್ನ ಯಾರಾದ್ರೂ ವಾರಕ್ಕೊಂದ್ಸಲ ಚೆಲ್ತಾರೇನೋ? ಸುಮ್ಕೆ ಬಿಡು ಅತ್ಲಾಗೆ" ಅಂದರು.

ಬಿಟ್ಟೆ. ಮಣ್ಣು ಮಾತ್ರ ಬದಲಿಸಿದೆ. ಊರಿಂದ ಒಂದು ಚೀಲ ಕೆರೆಗೋಡು ತರಿಸಿ, ಅಡಿಯಲ್ಲಿ ಒಂದು ಹಿಡಿ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಇಟ್ಟು, ಗೆಡ್ಡೆಯ ಕುಡಿ ಮಣ್ಣಿನಿಂದ ಹೊರಗಿರುವಂತೆ ಅಡ್ಡ ಮಲಗಿಸಿ, ಮೇಲೆ ಒಂದಂಗುಲ ಮರಳು ಹಾಸಿದೆ. ನೀರು ಮತ್ತೆ ಹಸಿರಾಯಿತು. ಕೈ ಹಾಕಲಿಲ್ಲ. ಎಲೆಗಳು ಒಂದೊಂದಾಗಿ ಬಂದು ಬಾನಿಯ ಅರ್ಧಕ್ಕಿಂತ ಹೆಚ್ಚು ಜಾಗ ಮುಚ್ಚಿದವು. ನೀರನ್ನು ಹಸಿರು ಮಾಡುವ ಪಾಚಿಗೆ ಕೆಳಗೆ ಬೆಳಕಿಲ್ಲ, ಗೊಬ್ಬರದ ಸಾರವನ್ನು ನೈದಿಲೆ ಬೇರು ಹೀರುತ್ತಿದೆ. ಒಂದು ಬೆಳಗ್ಗೆ ನೋಡಿದರೆ, ಬೋಗುಣಿಯ ಪಕ್ಕ ಬಾನಿಯ ತಳದಲ್ಲಿ ಕಲ್ಲುಕುಟಿಗನ ಉಳಿಯ ಗೆರೆಗಳು ಕಾಣುತ್ತಿವೆ! ಅಜ್ಜಿಯ ಕಾಲದಲ್ಲಿ ಕಲಗಚ್ಚಿನಡಿ ಮುಚ್ಚಿಹೋಗಿದ್ದ ಗೆರೆಗಳು. ನಮ್ಮತ್ತೆಗೆ ಫೋನ್ ಮಾಡಿ ಹೇಳಿದೆ.

ಹಾಗಾಗಿ ಮತ್ತೆ ಹೇಳುತ್ತೇನೆ, ಹಸಿರಾಯಿತೆಂದು ನೀರು ಚೆಲ್ಲಬೇಡಿ. ಆವಿಯಾದಷ್ಟು ತುಂಬಿಸಿ, ಸಾಕು.

ಚೀಟಿ ಬಂತು, ಐದು ನಿಮಿಷವಂತೆ. ತಾವರೆ ವಿಷಯ ಪೂರ್ತಿ ಬಿಡಬೇಕಾಗುತ್ತದೆ. ಒಂದೇ ಮಾತು: ಎಲೆ ಸೀಳಿದ್ದು ನೀರ ಮೇಲೆ ಮಲಗಿದ್ದರೆ ನೈದಿಲೆ, ಸೀಳಿಲ್ಲದ ದುಂಡನೆ ಎಲೆ ನೀರಿಂದ ಮೇಲೆದ್ದು ನಿಂತರೆ ತಾವರೆ. ಸಣ್ಣ ತೊಟ್ಟಿಗೆ ನೈದಿಲೆಯೇ ವಾಸಿ. ನಮ್ಮ ಕವಿಗಳು ನೈದಿಲೆಗೆ ಚಂದ್ರನನ್ನು ಜೋಡಿ ಮಾಡಿದ್ದು ಸುಮ್ಮನೆ ಅಲ್ಲ. ಕೆಂಪು ನೈದಿಲೆ ರಾತ್ರಿ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚುತ್ತದೆ. ಬೆಳಗ್ಗೆ ಆಫೀಸಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವವರು ಅದನ್ನೇ ಇಡಿ. ಹಗಲು ಮನೆಯಲ್ಲಿರುವವರಿಗೆ ನೀಲಿ.

ತೊಟ್ಟಿ ಆಳಕ್ಕಿಂತ ಅಗಲ ಇರಲಿ, ಎರಡಡಿ ಅಗಲ, ಒಂದೂವರೆ ಅಡಿ ಆಳ. ದಿನಕ್ಕೆ ಐದಾರು ಗಂಟೆ ಬಿಸಿಲು. ತಾರಸಿಯಲ್ಲಾದರೆ ತೂಕ ನೆನಪಿರಲಿ, ನೂರು ಲೀಟರ್ ಅಂದರೆ ನೂರು ಕೆಜಿ, ಮಣ್ಣಿನದು ಬೇರೆ. ತೊಲೆಯ ಮೇಲೆ ಬರುವಂತೆ ಇಡಿ. ಕೊಳಾಯಿ ನೀರಾದರೆ ಎರಡು ದಿನ ಬಿಟ್ಟು ಮೀನು ಬಿಡಿ. ಅಂಬೆಗಾಲಿಡುವ ಮಗು ಇದ್ದರೆ ತೊಟ್ಟಿಗೆ ಗಟ್ಟಿ ಜಾಲರಿ ಹಾಕಿಸಿ, ಇಲ್ಲವೇ ಎರಡು ವರ್ಷ ತಡೆಯಿರಿ.

ನೀರ ಮೇಲೆ ತೇಲಿ ಹಬ್ಬುವ ಐಕಾರ್ನಿಯಾ ಕಳೆಯನ್ನು ಹೂ ಚೆಂದವೆಂದು ತರಬೇಡಿ. ದಕ್ಷಿಣ ಅಮೆರಿಕದಿಂದ ಬಂದ ಆ ಗಿಡ ನಮ್ಮ ಕೆರೆಗಳನ್ನು ಏನು ಮಾಡಿದೆ ಅಂತ ಬೆಳ್ಳಂದೂರು ಕೆರೆಯ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ಗಪ್ಪಿ ಹೆಚ್ಚಾದರೆ ಪಕ್ಕದ ಮನೆಯವರಿಗೆ ಕೊಡಿ, ಕೆರೆಗೆ ಬಿಡಬೇಡಿ, ಅದೂ ಹೊರಗಿನದೇ.

ಬಾಗಿಲ ಹತ್ತಿರ ನೀಲಿ ಬಕೆಟ್‌ನಲ್ಲಿ ಹದಿನೈದು ನೈದಿಲೆ ಗೆಡ್ಡೆ ಇಟ್ಟಿದ್ದೇನೆ, ನಮ್ಮ ಬಾನಿಯದ್ದೇ. ಮನೆಗೊಂದು ತೆಗೆದುಕೊಳ್ಳಿ. ಒದ್ದೆ ಪೇಪರಿನಲ್ಲಿ ಸುತ್ತಿ ಒಯ್ಯಿರಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಇಟ್ಟರೆ ಗಾಳಿಗೆ ಒಣಗಿಬಿಡುತ್ತವೆ.