ಮಗು ಅಳುವ ಕತೆಗೆ ಯೂ ಮರವೇ ಯಾಕೆ ಬೇಕಿತ್ತು?

ನಮಸ್ಕಾರ. ಒಂದು ಪ್ರಶ್ನೆ ವಾರದಿಂದ ತಲೆಯಲ್ಲೇ ಕೂತಿದೆ. ‘ಎ ಮಾನ್‌ಸ್ಟರ್ ಕಾಲ್ಸ್’ ಕಾದಂಬರಿಯಲ್ಲಿ ರಾತ್ರಿ 12:07ಕ್ಕೆ ಒಂದು ಮರ ದೈತ್ಯನಾಗಿ ಎದ್ದು ಬರುತ್ತದೆ. ಅದು ಯೂ ಮರವೇ ಯಾಕೆ?

ಕತೆ ಬೇಗ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಹುಡುಗ ಕಾನರ್, ವಯಸ್ಸು 13. ಅಮ್ಮನಿಗೆ ಕ್ಯಾನ್ಸರ್. ಅಪ್ಪ ಅಮೆರಿಕದಲ್ಲಿ ಬೇರೆ ಸಂಸಾರ ಹೂಡಿದ್ದಾನೆ, ಅಜ್ಜಿಗೂ ಇವನಿಗೂ ಆಗಿಬರಲ್ಲ. 2011ರಲ್ಲಿ ಇದನ್ನು ಬರೆದವರು ಪ್ಯಾಟ್ರಿಕ್ ನೆಸ್. ಆದರೆ ಕತೆ ಹೊಳೆದದ್ದು ಶಿವಾನ್ ಡೌಡ್ ಎಂಬ ಲೇಖಕಿಗೆ. ಬರೆದು ಮುಗಿಸುವ ಮೊದಲೇ, 2007ರಲ್ಲಿ, ಅವರು ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು.

ದೈತ್ಯ ಬಂದುಹೋದ ಮರುದಿನ ಬೆಳಿಗ್ಗೆ ಕಾನರ್ ಕೋಣೆಯ ನೆಲದ ತುಂಬ ಯೂ ಎಲೆ. ಅವನು ಯಾರಿಗೂ ಹೇಳದೆ ಗುಡಿಸಿ ಕಸದ ಚೀಲಕ್ಕೆ ತುಂಬುತ್ತಾನೆ. ನೋವನ್ನು ಒಬ್ಬನೇ ಗುಡಿಸಿ ಬಚ್ಚಿಡುವ ಹುಡುಗ ಇವನು, ನನಗೆ ಅಲ್ಲೇ ಗಂಟಲು ಕಟ್ಟಿತು.

ಈಗ ಮರದ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಇಂಗ್ಲೆಂಡಿನ ಎಷ್ಟೋ ಹಳೇ ಚರ್ಚುಗಳ ಸ್ಮಶಾನದಲ್ಲಿ ಯೂ ಮರ ಕಾಣುತ್ತದೆ. ಎಲೆ ವಿಷ, ತೊಗಟೆ ವಿಷ, ಬೀಜವೂ ವಿಷ. ಬೀಜದ ಸುತ್ತಲಿನ ಕೆಂಪು ತಿರುಳೊಂದೇ ವಿಷವಲ್ಲ. ಇದೇ ಜಾತಿಯ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಮದ್ದು ಸಿಕ್ಕಿತು. 1971ರಲ್ಲಿ ಅದರ ರಚನೆ ಪ್ರಕಟಿಸಿದ ತಂಡದಲ್ಲಿ ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾಣಿ ಕೂಡ ಇದ್ದರು. ಇದು ಕೆಲಸ ಮಾಡುವ ರೀತಿ ಕೇಳಿ. ಜೀವಕೋಶ ಒಂದು ಎರಡಾಗಬೇಕಾದರೆ ಒಳಗಿನ ಸಣ್ಣ ಸಣ್ಣ ಕೊಳವೆಗಳು ಕಟ್ಟಿಕೊಳ್ಳಬೇಕು, ಆಮೇಲೆ ಬಿಚ್ಚಿಕೊಳ್ಳಬೇಕು. ಟ್ಯಾಕ್ಸಾಲ್ ಅವನ್ನು ಬಿಚ್ಚಿಕೊಳ್ಳಲು ಬಿಡುವುದಿಲ್ಲ. ಬಿಡಲಾಗದೆ ಆ ಕೋಶ ಸಾಯುತ್ತದೆ.

ಕಾನರ್‌ನ ಕೆಟ್ಟ ಕನಸು ಏನು ಗೊತ್ತಾ? ಪ್ರಪಾತದ ಅಂಚಲ್ಲಿ ಅಮ್ಮನ ಕೈ ಹಿಡಿದಿದ್ದಾನೆ. ಆ ಕೈ ಜಾರಲಿಲ್ಲ, ಇವನೇ ಬಿಟ್ಟ. ಈ ಸಂಕಟ ಒಮ್ಮೆ ಮುಗಿದರೆ ಸಾಕು ಅಂತ ಒಳಗೊಳಗೇ ಅನ್ನಿಸಿತ್ತು. ಕಾಯಿಲೆ ಬಿದ್ದವರ ಪಕ್ಕ ತಿಂಗಳುಗಟ್ಟಲೆ ಕೂತವರಿಗೆ ಇದು ಗೊತ್ತು, ಬಾಯಿಬಿಟ್ಟು ಹೇಳಲು ಮಾತ್ರ ಆಗುವುದಿಲ್ಲ, ಅಲ್ವಾ? ಹೇಳಿದರೆ ಶಿಕ್ಷೆ ಆಗುತ್ತದೆ ಅಂತ ಆ ಮಗು ನಂಬಿದೆ.

ಮರ ಹೇಳುವ ಮೂರು ಕತೆ, ಜಿಮ್ ಕೇ ಬಿಡಿಸಿದ ಕಪ್ಪು ಬಿಳಿ ಚಿತ್ರ, 2016ರ ಸಿನಿಮಾ, ಇವಕ್ಕೆಲ್ಲ ಇನ್ನೊಂದು ವಿಡಿಯೋ ಮಾಡುತ್ತೇನೆ. ಇದೊಂದು ಹೇಳಲೇಬೇಕು. ಯೂ ಮರದಿಂದ ಮಾಡಿದ ಮದ್ದೂ ಅಮ್ಮನನ್ನು ಉಳಿಸುವುದಿಲ್ಲ. ಮತ್ತೆ ಬಂದಿದ್ದಾದರೂ ಯಾಕೆ ಅಂತ ಹುಡುಗ ಮರದ ಮೇಲೆ ರೇಗುತ್ತಾನೆ. ಅದು ಬಂದದ್ದು ಇವನನ್ನು ವಾಸಿ ಮಾಡಲು.

ಕೊನೆಗೆ ಆಸ್ಪತ್ರೆ. ಕಾನರ್ ಅಮ್ಮನನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾನೆ. ಗಡಿಯಾರದಲ್ಲಿ 11:46. ಇನ್ನು 21 ನಿಮಿಷ.