ವಿಯೆಟ್ನಾಮಿನಲ್ಲಿ 18 ದಿನ, ಎರಡು ಕೈಚೀಲ

ಶ್ರೋತೃಗಳಿಗೆ ನಮಸ್ಕಾರ.

ನನಗೀಗ 66 ವರ್ಷ, ನಮ್ಮ ಯಜಮಾನರಿಗೆ 71. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಅವರು ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತರಾಗಿ ಸೇರಿ ಅಲ್ಲಿಂದಲೇ ನಿವೃತ್ತರಾದವರು. ಕೆಲವು ವರ್ಷಗಳ ಹಿಂದೆ ಒಂದು ಪ್ರವಾಸಿ ಸಂಸ್ಥೆಯ ಜೊತೆ ಐದು ದಿನ ಸಿಂಗಪುರಕ್ಕೆ ಹೋಗಿ ಬಂದೆವು. ಏನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಬಸ್ಸಿನ ಮುಂದಿನ ಸೀಟಿನ ಹಿಂಬದಿ, ಮತ್ತು ಪ್ರತಿ ರಾತ್ರಿ ತಪ್ಪದೆ ಬಡಿಸಿದ ಪಾಲಕ್ ಪನೀರ್. ಆ ಖರ್ಚಿನಲ್ಲಿ ಅರ್ಧದಷ್ಟನ್ನು ಇಟ್ಟುಕೊಂಡು ನಾವೇ ಎಲ್ಲಿಗಾದರೂ ಹೋಗಬಾರದೇಕೆ ಎಂಬ ಯೋಚನೆ ಬಂದದ್ದು ಆಗ. ಹಾಗೆ ಹೋದದ್ದು ವಿಯೆಟ್ನಾಮಿಗೆ, ಫೆಬ್ರವರಿಯಿಂದ ಮಾರ್ಚಿಗೆ ಕಾಲಿಡುವ ದಿನಗಳಲ್ಲಿ. ಆ ದೇಶದ ನಡುಭಾಗದಲ್ಲಿ ಅಕ್ಟೋಬರ್, ನವೆಂಬರ್ ತಿಂಗಳುಗಳು ಮಳೆ ಮತ್ತು ನೆರೆಯ ಕಾಲ. ನಮ್ಮ ವಯಸ್ಸಿನವರು ಆಗ ಅತ್ತ ಹೋಗದಿರುವುದೇ ಕ್ಷೇಮ.

ವೀಸಾಕ್ಕೆ ಅಂತರಜಾಲದಲ್ಲೇ ಅರ್ಜಿ ಹಾಕಬಹುದು. ಒಂದು ಬಾರಿಯ ಪ್ರವೇಶಕ್ಕೆ ಶುಲ್ಕ 25 ಡಾಲರ್, ಅವಧಿ 90 ದಿನಗಳವರೆಗೆ. ಅರ್ಜಿಯನ್ನು ಮಗಳು ತುಂಬಿಕೊಟ್ಟಳು. ಪ್ರಯಾಣ ವಿಮೆ ಮಾಡಿಸದೆ ಹೊರಡಕೂಡದೆಂದು ಹಟ ಹಿಡಿದವಳೂ ಅವಳೇ. ಉಳಿದ ಯೋಜನೆಯೆಲ್ಲ ನಮ್ಮವರ ಲೆಕ್ಕದ ಪುಸ್ತಕದ್ದು. ವಿಮಾನದ ಟಿಕೆಟ್ ಬಿಟ್ಟು ಇಬ್ಬರಿಗೂ ಸೇರಿ ದಿನಕ್ಕೆ 3,000 ರೂಪಾಯಿ ಮೀರಬಾರದು ಎಂದು ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿಟ್ಟರು. 18 ದಿನಕ್ಕೆ ಮೂರೇ ಊರು: ಹನೋಯ್, ಹುಯೆ, ಹೋಯ್ ಆನ್. ಅಷ್ಟು ದಿನದಲ್ಲಿ ಏಳೆಂಟು ಊರು ನೋಡಬಹುದಿತ್ತಲ್ಲ ಎಂದು ಬಂಧುಗಳು ಕೇಳಿದರು. ನೋಡಬಹುದಿತ್ತು, ನಿಜ. ಆದರೆ ಕೈಯಲ್ಲಿ ಹಣ ಕಡಿಮೆ ಇದ್ದವನಿಗೆ ಬೇಕಾದದ್ದೂ, ಮಂಡಿನೋವಿರುವವಳಿಗೆ ಬೇಕಾದದ್ದೂ ಒಂದೇ, ಅದು ನಿಧಾನ. ಒಂದೇ ಮನೆಯಲ್ಲಿ ಎಂಟು ರಾತ್ರಿ ಉಳಿಯುತ್ತೇವೆಂದರೆ ಬಾಡಿಗೆ ಇಳಿಸುತ್ತಾರೆ, ಊರೂರು ತಿರುಗುವ ವಾಹನದ ಖರ್ಚು ಉಳಿಯುತ್ತದೆ, ಮಧ್ಯಾಹ್ನ ಕೋಣೆಗೆ ಮರಳಿ ಮಲಗುವುದಕ್ಕೂ ಆಗುತ್ತದೆ. ಅಲ್ಲಿಯವರೂ ಮಧ್ಯಾಹ್ನ ಮಲಗುವ ಜನ. ಅಂಗಡಿಯೊಳಗೇ ಜೋಲಿ ಕಟ್ಟಿ ನಿದ್ದೆ ಹೋದ ವ್ಯಾಪಾರಿಗಳನ್ನು ಕಂಡು ನಮ್ಮವರಿಗೆ ಆ ದೇಶದ ಮೇಲೆ ಅರ್ಧ ಪ್ರೀತಿ ಅಲ್ಲಿಯೇ ಹುಟ್ಟಿತು.

ಹನೋಯ್‌ನಲ್ಲಿ ಮೊದಲ ಎರಡು ದಿನ ರಸ್ತೆ ದಾಟುವುದನ್ನು ಕಲಿಯುವುದರಲ್ಲೇ ಕಳೆದವು. ಸ್ಕೂಟರುಗಳ ಪ್ರವಾಹ ನಿಲ್ಲುವುದೇ ಇಲ್ಲ. ಓಡಬಾರದು, ನಿಲ್ಲಬಾರದು, ಹಿಂದೆ ಸರಿಯಬಾರದು. ಒಂದೇ ನಡಿಗೆಯಲ್ಲಿ ಸಾಗುತ್ತಿದ್ದರೆ ಅವರೇ ನಮ್ಮನ್ನು ಬಳಸಿಕೊಂಡು ಹೋಗುತ್ತಾರೆ. ಹಳೆಯ ಪೇಟೆಯ ಮನೆಗಳು ಬೀದಿಗೆ ಕಿರಿದಾದ ಮುಖವಿಟ್ಟು ಹಿಂದಕ್ಕೂ ಮೇಲಕ್ಕೂ ಉದ್ದವಾಗಿ ಬೆಳೆದಿರುತ್ತವೆ, ಆದ್ದರಿಂದ ಅಗ್ಗದ ಕೋಣೆ ಎಂದರೆ ಬಹುಮಟ್ಟಿಗೆ ಲಿಫ್ಟ್ ಇಲ್ಲದ ಐದನೆಯ ಮಹಡಿಯ ಕೋಣೆ. ಕಾಯ್ದಿರಿಸುವ ಮೊದಲೇ ನೆಲಮಹಡಿಯನ್ನು ಕೇಳಿ ಪಡೆಯಬೇಕೆಂಬುದನ್ನು ನಾವು ಮೆಟ್ಟಿಲು ಹತ್ತಿ ಕಲಿತೆವು.

ಊಟದ ಪ್ರಶ್ನೆ ದೊಡ್ಡದಾಗಿತ್ತು. ನಮ್ಮವರು ಮೊಟ್ಟೆಯವರೆಗೆ ಹೋಗುತ್ತಾರೆ, ನಾನು ಅಷ್ಟಕ್ಕೂ ಹೋಗುವುದಿಲ್ಲ. ಅಲ್ಲಿ ನುವೊಕ್ ಮಾಮ್ ಎಂಬ ಮೀನಿನ ರಸ ನಮ್ಮ ಅಡುಗೆಯ ಹುಣಸೆಹುಳಿಯಂತೆ ಎಲ್ಲದರಲ್ಲೂ ಇರುತ್ತದೆ. ಬರಿಯ ತರಕಾರಿ ಎಂದು ಬಡಿಸಿದ ಪಲ್ಯದಲ್ಲೂ ಅದು ಇದ್ದೀತು. ಮಗಳು ಫೋನಿನಲ್ಲಿ ಕಲಿಸಿದ ಒಂದು ವಾಕ್ಯವೇ ನಮ್ಮನ್ನು ಕಾಪಾಡಿತು: ‘ತೋಯ್ ಆನ್ ಚಾಯ್’, ಎಂದರೆ ನಾನು ಸಸ್ಯಾಹಾರ ಉಣ್ಣುವವಳು. ಈ ‘ಚಾಯ್’ ನಮ್ಮ ಚಹಾ ಅಲ್ಲ, ಬೌದ್ಧ ಸಂಪ್ರದಾಯದ ಶಾಕಾಹಾರಕ್ಕೆ ಅಲ್ಲಿರುವ ಹೆಸರು. ಆ ಪದ ಬರೆದ ಫಲಕವಿರುವ ಅಂಗಡಿಯಲ್ಲಿ ಮೀನಿನ ರಸದ ಭಯವಿಲ್ಲ. ಅಣಬೆ, ಸೋಯಾ ಗಿಣ್ಣು, ಬಿದಿರಿನ ಕಳಲೆ, ಎಳೆಯ ಹಲಸಿನಕಾಯಿ ಎಲ್ಲವೂ ಸಿಗುತ್ತವೆ. ಕಳಲೆ ಕಂಡಾಗ ಮಲೆನಾಡಿನ ನನ್ನ ತವರುಮನೆಯ ಆಷಾಢ ನೆನಪಾಯಿತು. ಮನೆಯಿಂದ ಒಯ್ದ ಚಟ್ನಿಪುಡಿಯ ಪೊಟ್ಟಣವನ್ನು ಒಡೆದದ್ದು ರಾತ್ರಿಯ ರೈಲಿನಲ್ಲಿ ಮಾತ್ರ.

ಊಟಕ್ಕಿಂತ ಕಷ್ಟವಾದದ್ದು ಕುಳಿತುಕೊಳ್ಳುವುದು. ರಸ್ತೆ ಬದಿಯ ಅಂಗಡಿಗಳಲ್ಲೆಲ್ಲ ಮೊಳಕಾಲೆತ್ತರವೂ ಇಲ್ಲದ ಪ್ಲಾಸ್ಟಿಕ್ ಸ್ಟೂಲುಗಳು. ಕೂರುವುದು ಹೇಗೋ ಆದರೆ ಏಳುವುದು ಇಬ್ಬರು ಹಿಡಿದೆತ್ತುವ ಕೆಲಸ. ಎರಡನೆಯ ದಿನ ನನ್ನ ಪಾಡು ನೋಡಿದ ಅಂಗಡಿಯಾಕೆ ಏನೂ ಹೇಳದೆ ಮೂರು ಸ್ಟೂಲುಗಳನ್ನು ಒಂದರೊಳಗೊಂದು ಜೋಡಿಸಿ, ಮೇಲೊಂದು ಮಡಿಸಿದ ಟವೆಲ್ ಹಾಕಿ ಕೂರಿಸಿದಳು. ಆಮೇಲೆ ಹೋದಲ್ಲೆಲ್ಲ ಮೂರು ಬೆರಳು ತೋರಿಸುವುದು ನನಗೆ ರೂಢಿಯಾಯಿತು.

ಕಾಫಿಯ ವಿಷಯಕ್ಕೆ ಬರುತ್ತೇನೆ. ಬ್ರೆಜಿಲ್‌ನ ನಂತರ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ, ಅದರಲ್ಲಿ ಬಹುಪಾಲು ರೊಬಸ್ಟಾ. ಫಿನ್ ಎಂಬ ಪುಟ್ಟ ಲೋಹದ ಫಿಲ್ಟರನ್ನು ಲೋಟದ ಬಾಯಿಗೇ ಇಟ್ಟು ಬಿಸಿನೀರು ಹಾಕುತ್ತಾರೆ. ಡಿಕಾಕ್ಷನ್ ತೊಟ್ಟುತೊಟ್ಟಾಗಿ ಕೆಳಗಿನ ಗಟ್ಟಿ ಸಿಹಿಹಾಲಿನ ಮೇಲೆ ಬೀಳುತ್ತದೆ. ನಮ್ಮ ಹಿತ್ತಾಳೆಯ ಫಿಲ್ಟರಿನ ಕೆಲಸವೇ ಇದು, ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ, ಕಣ್ಣೆದುರಿಗೇ. ಹನೋಯ್‌ನ ಇನ್ನೊಂದು ವಿಶೇಷ ಮೊಟ್ಟೆಯ ಕಾಫಿ. 1946ರಲ್ಲಿ ಹಾಲಿಗೆ ಅಭಾವವಿದ್ದಾಗ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಎಂಬುವರು ಮೊಟ್ಟೆಯ ಹಳದಿಯನ್ನು ಸಕ್ಕರೆಯ ಜೊತೆ ನೊರೆಯುಕ್ಕುವಂತೆ ಕಡೆದು ಕಾಫಿಯ ಮೇಲೆ ಹಾಕಿ ಈ ಪಾನೀಯವನ್ನು ರೂಪಿಸಿದರು. ನಮ್ಮವರು ಮೂರು ಬಾರಿ ಕುಡಿದರು. ವಾಸನೆಯೇ ಇಲ್ಲ ಎಂದು ನನಗೆ ಹೇಳಿದ್ದೂ ಮೂರು ಬಾರಿ. ನಾನು ತೆಂಗಿನ ಹಾಲಿನ ಕಾಫಿಯಲ್ಲೇ ಉಳಿದೆ.

ಆ ನಗರದ ಸಾಹಿತ್ಯ ದೇಗುಲ 1070ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ 82 ಕಲ್ಲಿನ ಫಲಕಗಳು ಕಲ್ಲಾಮೆಗಳ ಬೆನ್ನ ಮೇಲೆ ನಿಂತಿವೆ. ಅರಸರ ಕಾಲದ ಉನ್ನತ ಪರೀಕ್ಷೆಗಳಲ್ಲಿ ತೇರ್ಗಡೆಯಾದವರ ಹೆಸರು ಮತ್ತು ಊರುಗಳನ್ನು ಅವುಗಳ ಮೇಲೆ ಕೆತ್ತಿದ್ದಾರೆ. ಫಲಿತಾಂಶದ ಪಟ್ಟಿಯನ್ನು ಕಲ್ಲಿನಲ್ಲೇ ಬರೆಸಿದ ಈ ಜನರ ಮುಂದೆ ಸೂಚನಾ ಫಲಕಕ್ಕೆ ಕಾಗದ ಅಂಟಿಸುತ್ತಿದ್ದ ಮೇಷ್ಟ್ರು ನಾನು ಎಂದುಕೊಂಡೆ.

ಹನೋಯ್‌ನಿಂದ ಹುಯೆಗೆ ರೈಲಿನಲ್ಲಿ 688 ಕಿಲೋಮೀಟರ್, ಒಂದು ಇಡೀ ರಾತ್ರಿಯ ಪ್ರಯಾಣ. ಕೆಳಗಿನ ಬರ್ತುಗಳಿಗೆ ಸ್ವಲ್ಪ ಹೆಚ್ಚು ದುಡ್ಡು, ಆದರೆ ಒಂದು ದಿನದ ಕೋಣೆ ಬಾಡಿಗೆ ಉಳಿಯಿತು. ಹುಯೆ 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿಯಾಗಿತ್ತು. ಕೋಟೆಯೊಳಗಿನ ಅರಮನೆಗಳಲ್ಲಿ ಬಹಳಷ್ಟು ಯುದ್ಧಗಳಲ್ಲಿ ನಾಶವಾಗಿವೆ, ಬಿಸಿಲಿನಲ್ಲಿ ನಡೆಯುವುದೂ ಬಹಳ. ಬೆಳಗಿನ ಎಂಟಕ್ಕೇ ಒಳಹೊಕ್ಕರೆ ಮಾತ್ರ ನಮ್ಮಂಥವರಿಗೆ ಸಾಧ್ಯ. ಅಲ್ಲಿಂದ ಹೋಯ್ ಆನ್‌ಗೆ ಹತ್ತಿರದ ನಗರವಾದ ಡಾ ನಾಂಗ್ ಕಡೆಗೆ ಹೋಗುವ ಸುಮಾರು 100 ಕಿಲೋಮೀಟರಿನ ರೈಲುದಾರಿ ಹಾಯ್ ವಾನ್ ಎಂಬ ಬೆಟ್ಟದ ಸಾಲನ್ನು ಕಡಲಿನ ಅಂಚಿನಲ್ಲೇ ಬಳಸುತ್ತದೆ. ದಕ್ಷಿಣಕ್ಕೆ ಹೋಗುವವರು ಎಡಬದಿಯ ಕಿಟಕಿ ಹಿಡಿಯಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯ ರೈಲಿನ ಬುಡದಲ್ಲಿ ಸಮುದ್ರವನ್ನು ತಂದಿಟ್ಟರೆ ಹೇಗಿರುತ್ತದೋ ಹಾಗಿತ್ತು.

ಹೋಯ್ ಆನ್ ತಲುಪಿದ ದಿನವೇ ಲೆಕ್ಕದ ಪುಸ್ತಕಕ್ಕೆ ಪೆಟ್ಟು ಬಿತ್ತು. ನಾವು ಹೋದಾಗ ಒಂದು ರೂಪಾಯಿಗೆ ಸುಮಾರು 300 ಡಾಂಗ್. ಎಲ್ಲ ನೋಟಿನ ಮೇಲೂ ಸೊನ್ನೆಗಳ ಸಾಲು. 20,000 ಮತ್ತು 5,00,000 ಡಾಂಗಿನ ನೋಟುಗಳೆರಡೂ ನೀಲಿ, ಎರಡರ ಮೇಲೂ ಹೋ ಚಿ ಮಿನ್ ಅವರ ಚಿತ್ರ. ಮುಸ್ಸಂಜೆಯಲ್ಲಿ ಎಳನೀರು ಕುಡಿದು ನಮ್ಮವರು ಕೊಟ್ಟದ್ದು ಯಾವುದು ಎಂಬುದು ತಿಳಿದದ್ದು ರಾತ್ರಿ ಲೆಕ್ಕ ತಾಳೆಯಾಗದೆ ಹೋದಾಗ. ಬೆಳಿಗ್ಗೆ ಹೋದರೆ ಆ ಗಾಡಿ ಅಲ್ಲಿರಲಿಲ್ಲ. ಇಡೀ ವೃತ್ತಿಜೀವನದಲ್ಲಿ ನಾಲ್ಕಾಣೆ ವ್ಯತ್ಯಾಸ ಬರಲು ಬಿಡದ ಮನುಷ್ಯ ‘ಎಳನೀರು: 1,650 ರೂಪಾಯಿ’ ಎಂದು ಬರೆದು, ಕೆಳಗೆ ಗೆರೆ ಎಳೆದು, ಎರಡು ದಿನ ಮೊಟ್ಟೆಯ ಕಾಫಿಯ ಮಾತೇ ಎತ್ತಲಿಲ್ಲ. 20,000ದ ನೋಟಿನ ಹಿಂಬದಿಯಲ್ಲಿ ಅದೇ ಊರಿನ ಜಪಾನೀ ಸೇತುವೆಯ ಚಿತ್ರವಿದೆ. ಆಮೇಲೆ ಹಣ ಕೊಡುವಾಗಲೆಲ್ಲ ಅವರು ಮೊದಲು ನೋಟು ತಿರುವಿ ಸೇತುವೆ ಇದೆಯೇ ಎಂದು ನೋಡುತ್ತಿದ್ದರು.

ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಮೀ ಸನ್ ಕಣಿವೆಯ ಹಳೆಯ ದೇಗುಲಗಳಿಗೆ ಹೋಗಬೇಕೆಂಬುದು ನನ್ನ ಬಹುಕಾಲದ ಆಸೆ. ಈ ಸೀಮೆಯನ್ನು ಹಿಂದೆ ಆಳಿದ ಚಂಪಾ ರಾಜ್ಯವನ್ನು ಪಾಠದಲ್ಲಿ ನಾನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದೆ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಭದ್ರವರ್ಮನೆಂಬ ಅರಸ ಇಲ್ಲಿ ಭದ್ರೇಶ್ವರನೆಂಬ ಹೆಸರಿನಲ್ಲಿ ಶಿವನನ್ನು ಸ್ಥಾಪಿಸಿದ. ನಮ್ಮ ಹಲ್ಮಿಡಿ ಶಾಸನಕ್ಕಿಂತ ತುಸು ಹಿಂದಿನ ಕಾಲ. ಅಂದಿನಿಂದ ಹದಿಮೂರನೆಯ ಶತಮಾನದವರೆಗೆ 70ಕ್ಕೂ ಹೆಚ್ಚು ಕಟ್ಟಡಗಳು ಎದ್ದವು, ಬಹುಪಾಲು ಕೆಂಪು ಇಟ್ಟಿಗೆಯವು. ಇಟ್ಟಿಗೆಗಳ ನಡುವೆ ಗಾರೆಯ ಗೆರೆ ಕಾಣುವುದಿಲ್ಲ. ಬೆರಳಾಡಿಸಿದರೂ ಸಂದು ಸಿಗದಷ್ಟು ನಯವಾಗಿ ಕೂಡಿಸಿ, ಆಮೇಲೆ ಗೋಡೆಯ ಮೇಲೆಯೇ ಶಿಲ್ಪ ಬಿಡಿಸಿದ್ದಾರೆ. 1969ರಲ್ಲಿ ಅಮೆರಿಕದ ಬಾಂಬುಗಳು ಅತಿ ಎತ್ತರದ ಗೋಪುರವನ್ನು ಕೆಡವಿದವು. ಬಾಂಬು ಬಿದ್ದ ಹೊಂಡಗಳು ಈಗ ಹುಲ್ಲು ಬೆಳೆದು ತಗ್ಗುಗಳಂತೆ ಕಾಣುತ್ತವೆ. 2017ರಿಂದ ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇಲ್ಲಿಯ ಮೂರು ಗುಂಪಿನ ದೇಗುಲಗಳ ಸಂರಕ್ಷಣೆ ನಡೆಸಿತು. 2020ರಲ್ಲಿ ಆ ಕೆಲಸದ ನಡುವೆ ಮರಳುಗಲ್ಲಿನ ಒಂದು ಅಖಂಡ ಶಿವಲಿಂಗ ಮಣ್ಣಿನಿಂದ ಹೊರಬಂದಿತು. ಪೂಜೆಯಿಲ್ಲದ, ದೀಪವಿಲ್ಲದ ಆ ಜಾಗದಲ್ಲಿ ನಮ್ಮವರು ಅಭ್ಯಾಸಬಲದಿಂದ ಚಪ್ಪಲಿ ಬಿಡಲು ಹೋದರು. ಪ್ರವೇಶಕ್ಕೆ ತಲಾ 1,50,000 ಡಾಂಗ್. ಅದರಲ್ಲಿ ಬಾಗಿಲಿನಿಂದ ಒಳಗಿನವರೆಗೆ ಬ್ಯಾಟರಿ ಗಾಡಿಯ ಪ್ರಯಾಣವೂ ಸೇರಿದೆ.

ಇನ್ನು ಬಾನ್ ಸೆಯೊ. ಅಕ್ಕಿಹಿಟ್ಟಿಗೆ ಅರಿಶಿನ ಕಲಸಿ ಕಾದ ಬಾಣಲೆಗೆ ಹುಯ್ದಾಗ ಬರುವ ಸದ್ದೇ ಅದರ ಹೆಸರಂತೆ. ನಮ್ಮ ಕಾವಲಿ ಚುಯ್ ಎನ್ನುವುದು ಅವರ ಕಿವಿಗೆ ‘ಸೆಯೊ’ ಎಂದು ಕೇಳಿಸಿದೆ. ಹುದುಗು ಬರಿಸಿದ ಹಿಟ್ಟಲ್ಲ, ಆದ್ದರಿಂದ ಇದನ್ನು ದೋಸೆ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಚಾಯ್ ಅಂಗಡಿಯಲ್ಲಿ ಒಳಗೆ ಅಣಬೆ, ಮೊಳಕೆಕಾಳು ಇಟ್ಟು ಮಡಿಸುತ್ತಾರೆ. ಅದನ್ನು ತೆಳುವಾದ ಅಕ್ಕಿಯ ಹಾಳೆಯಲ್ಲಿ ಪುದೀನ ಮತ್ತು ಹಸಿ ಸೊಪ್ಪುಗಳೊಂದಿಗೆ ಸುತ್ತಿ, ಸೋಯಾ ರಸಕ್ಕೆ ಅದ್ದಿ ತಿನ್ನಬೇಕು. ನನ್ನ ಮೊದಲ ಸುರುಳಿ ಬಿಚ್ಚಿಹೋಗಿ ಸೀರೆಯ ಮೇಲೆಲ್ಲ ಚೆಲ್ಲಿತು. ಊಟದ ಮೇಲೆ ‘ಚೆ’ ಎಂಬ ಸಿಹಿ: ಹೆಸರುಬೇಳೆ, ತೆಂಗಿನ ಹಾಲು, ಸಕ್ಕರೆ. ಪಾಯಸವೇ, ಬೆಲ್ಲ ಮತ್ತು ಏಲಕ್ಕಿ ಇಲ್ಲ ಅಷ್ಟೆ.

ನಾವಿದ್ದ ಬೀದಿಯ ಮೂಲೆಯಲ್ಲಿ ಬಾನ್ ಮೀ ಮಾರುವ ಒಬ್ಬಾಕೆಯ ಗಾಡಿಯಿತ್ತು. ಫ್ರೆಂಚರು ಬಿಟ್ಟುಹೋದ ಉದ್ದನೆಯ ಬ್ರೆಡ್ಡನ್ನು ಸೀಳಿ ಹೂರಣ ತುಂಬುವ ತಿಂಡಿ ಅದು. ಐದು ಬೆಳಿಗ್ಗೆಗಳೂ ನಾನು ‘ತೋಯ್ ಆನ್ ಚಾಯ್’ ಎನ್ನುವುದು, ಆಕೆ ತನ್ನ ಮಾಂಸದ ಡಬ್ಬಗಳನ್ನು ತೋರಿಸಿ ತಲೆಯಾಡಿಸುವುದು, ಇಬ್ಬರೂ ನಗುವುದು ನಡೆಯಿತು. ಅಲ್ಲಿ ಚಾಂದ್ರಮಾನ ತಿಂಗಳ 14ನೆಯ ರಾತ್ರಿ ಹಳೆಯ ಪೇಟೆಯ ವಿದ್ಯುದ್ದೀಪಗಳನ್ನು ಆರಿಸಿ ರೇಷ್ಮೆಯ ಗೂಡುದೀಪಗಳನ್ನಷ್ಟೇ ಉರಿಸುತ್ತಾರೆ. ನಾವು ಆ ರಾತ್ರಿ ನದಿಯ ದಡದಲ್ಲಿ ಬಹಳ ಹೊತ್ತು ಕುಳಿತಿದ್ದೆವು, ನಾನು ಮೂರು ಸ್ಟೂಲಿನ ಮೇಲೆ. ಮರುದಿನ ಹುಣ್ಣಿಮೆ. ಹುಣ್ಣಿಮೆಗೂ ತಿಂಗಳ ಮೊದಲ ದಿನಕ್ಕೂ ಅಲ್ಲಿ ಬಹಳ ಮಂದಿ ಮಾಂಸ ಮುಟ್ಟುವುದಿಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಗಾಡಿಯ ಮುಂದೆ ‘ಚಾಯ್’ ಎಂದು ಕೈಯಲ್ಲಿ ಬರೆದ ರಟ್ಟು ನೇತಾಡುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಆಕೆ ಸೋಯಾ ಗಿಣ್ಣು, ಸೌತೆಕಾಯಿ, ಕೊತ್ತಂಬರಿ ತುಂಬಿದ ಎರಡು ಬ್ರೆಡ್ಡುಗಳನ್ನು ಕಾಗದದಲ್ಲಿ ಸುತ್ತಿ ನಮ್ಮ ಕೈಗಿತ್ತಳು. ನಮ್ಮವರು ನೋಟು ತಿರುವಿ ಸೇತುವೆ ನೋಡಿಕೊಂಡು, ಎರಡು ಎಣಿಸಿ ಕೊಟ್ಟರು.

ನಮಸ್ಕಾರ.